ಅರ್ಧ ಇಂಚಿನ ಪಾನಾ ಇಳಿಸಿದ ವಿಮಾನ

ಖಾನಾಪುರದ ಅವಧೂತ ಗುಂಜೀಕರನಿಗೆ ಬದುಕಿನಲ್ಲಿ ಮೊದಲ ಸಲ ಬಾಯಿ ಒಣಗಿದ್ದು ತನ್ನ ಅನುಭವದ ಬೆಲೆ ಸೊನ್ನೆ ಎಂದು ಗೊತ್ತಾದ ದಿನ. ಅಲ್ಲಿಯವರೆಗೆ ಅವನು ಬೆಳಗಾವಿಯ ಮೀರಾಸಾಬರ ಲಾರಿ ಗ್ಯಾರೇಜಿನಲ್ಲಿ ದೊಡ್ಡ ಮಿಸ್ತ್ರಿ. ಮೆಟ್ರಿಕ್ ಪಾಸಾದವನು ಸೀದಾ ಹೋಗಿ ಲಾರಿಯ ಕೆಳಗೆ ಹೊಕ್ಕಿದ್ದ. ಆಮೇಲೆ ಅಲ್ಲಿಂದ ಹೊರಗೆ ಬಂದದ್ದು ಊಟಕ್ಕೆ ಮತ್ತು ಒಂದು ಸಲ ಮದುವೆಗೆ ಮಾತ್ರ ಎಂದು ಹೆಂಡತಿ ಕುಂದಾ ಹೇಳುತ್ತಿದ್ದಳು. ಲೋಂಡಾದ ಕಡೆಯಿಂದ ಕಟ್ಟಿಗೆ ಹೇರಿಕೊಂಡು ಬರುವ ಲಾರಿಗಳೆಲ್ಲ ಅವನ ಕೈಯಲ್ಲೇ ಬದುಕಿದ್ದವು.

ಮೀರಾಸಾಬರ ವಿದ್ಯೆ ಪುಸ್ತಕದ್ದಲ್ಲ. ಇಂಜಿನ್ ಬಿಚ್ಚಿ ಮತ್ತೆ ಕಟ್ಟಿದ ಮೇಲೆ ಎರಡು ನಟ್ಟು ಉಳಿದರೆ ಅವರು ಗಾಬರಿಯಾಗುತ್ತಿರಲಿಲ್ಲ. ಕಂಪನಿಯವರು ಅಂಜುಬುರುಕರು, ಎರಡು ಹೆಚ್ಚಿಗೆ ಹಾಕಿರುತ್ತಾರೆ ಅನ್ನುವುದು ಅವರ ಸಿದ್ಧಾಂತ. ಹಾಗೆ ಉಳಿದವುಗಳಿಗೆಂದೇ ಒಂದು ಎಣ್ಣೆ ಡಬ್ಬಿ ಇತ್ತು. ಅದು ತುಂಬಿದಷ್ಟೂ ಗ್ಯಾರೇಜಿನ ಕೀರ್ತಿ ಹೆಚ್ಚಿತ್ತು.

ಎಪ್ಪತ್ತರ ದಶಕ ಅರ್ಧ ಸರಿದಿತ್ತು. ಸಾಂಬ್ರಾ ಮೈದಾನದ ಒಂದು ಮೂಲೆಯಲ್ಲಿ ಆಗ ಸಣ್ಣದೊಂದು ಫ್ಲೈಯಿಂಗ್ ಕ್ಲಬ್ ಇತ್ತು. ಇಬ್ಬರು ಕೂಡುವ ಒಂದೇ ಒಂದು ಹಳದಿ ವಿಮಾನ, ತಗಡಿನ ಹ್ಯಾಂಗರು, ಮತ್ತು ಅದಕ್ಕೆಲ್ಲ ಜವಾಬ್ದಾರರಾದ ಇಂಜಿನಿಯರ್ ಗುರುಪುತ್ರಪ್ಪನವರು. ಶಿವಬಸವ ನಗರದ ತಮ್ಮ ಮನೆಗೆ ಹೋಗುವಾಗ ಅವರ ಸ್ಕೂಟರು ಒಮ್ಮೆ ಗ್ಯಾರೇಜಿನ ಮುಂದೆ ಕೆಟ್ಟು ನಿಂತಿತು. ಅವಧೂತ ಅದನ್ನು ಎದ್ದೇಳಿಸಿದ ರೀತಿ ನೋಡಿ ಅವರು ಅವನನ್ನು ಕ್ಲಬ್ಬಿಗೆ ಕರೆದರು. ಶಿಷ್ಯ ವಿಮಾನಕ್ಕೆ ಹೋಗುತ್ತಾನೆ ಎಂದು ಮೀರಾಸಾಬರು ಇಡೀ ಓಣಿಗೆ ಚಹಾ ಕುಡಿಸಿದರು. ಅವಧೂತನೂ ಬರುವ ತಿಂಗಳೇ ತಾನು ವಿಮಾನದ ಮಿಸ್ತ್ರಿ ಎಂದುಕೊಂಡು ಹೋದ.

ಹೋದ ದಿನವೇ ಗುರುಪುತ್ರಪ್ಪನವರು ಕೂಡಿಸಿ ಹೇಳಿದರು. ಲೈಸೆನ್ಸ್ ಇಲ್ಲದವನು ಇಲ್ಲಿ ಬರೀ ಕೈಯಾಳು. ಲೈಸೆನ್ಸ್ ಬೇಕಾದರೆ ಲೈಸೆನ್ಸ್ ಇದ್ದವರ ಕಣ್ಣೆದುರು ವಿಮಾನದ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು, ಅದಕ್ಕೆ ಅವರು ಸಹಿ ಹಾಕಬೇಕು. ಆಮೇಲೆ ಬರೆಯುವ ಲೇಖಿ ಪರೀಕ್ಷೆ: ವಿಮಾನದ ಕಾಯ್ದೆಯದೊಂದು, ಸಾಮಾನ್ಯ ಇಂಜಿನಿಯರಿಂಗಿನದೊಂದು, ಯಾವ ಇಂಜಿನ್ನಿಗೆ ಲೈಸೆನ್ಸ್ ಬೇಕೋ ಅದರದೊಂದು. ಅವೆಲ್ಲ ಪಾಸಾದರೆ ಮುಂಬೈಯಿಂದ ವಿಮಾನ ಖಾತೆಯ ಸಾಹೇಬರು ಬಂದು ಬಾಯಿಮಾತಿನಲ್ಲಿ ಕೇಳುತ್ತಾರೆ, ಕೈಯಲ್ಲಿ ಮಾಡಿಸಿ ನೋಡುತ್ತಾರೆ.

ಲಾರಿಯ ಇಷ್ಟು ವರ್ಷದ ಅನುಭವ ಯಾವ ಲೆಕ್ಕಕ್ಕೆ ಎಂದು ಅವಧೂತ ಕೇಳಿದ. ಯಾವ ಲೆಕ್ಕಕ್ಕೂ ಇಲ್ಲ ಎಂಬ ಉತ್ತರ ಬಂತು. ಅವನ ಮುಖ ನೋಡಿ ಗುರುಪುತ್ರಪ್ಪನವರಿಗೇ ಕನಿಕರ ಬಂದಿರಬೇಕು.

"ಬೋಲ್ಟ್ ಬಿಗಿ ಮಾಡಾಕ ಕೈ ಸಾಕಪಾ ಅವಧೂತ. ಬಿಗಿ ಐತಿ ಅಂತ ಬರದು ಸಹಿ ಹಾಕಾಕ ಲೈಸೆನ್ಸ್ ಬೇಕು. ಮ್ಯಾಲೆ ಹೋದಾವರು ಆ ಸಹಿ ನಂಬಿ ಹೋಗಿರ್ತಾರ."

ಆ ಮಾತನ್ನು ಅವನು ರಾತ್ರಿ ಊಟದ ಹೊತ್ತಿಗೆ ಕುಂದಾಳಿಗೆ ಒಪ್ಪಿಸಿದ. ಅವಳಿಗೆ ಮಾತ್ರ ಇದರಲ್ಲಿ ವಿಶೇಷ ಕಾಣಲಿಲ್ಲ. ಮೊಳೆ ಬಡಿದಿದ್ದೇನೆ ಎಂದು ಇವನು ಹೇಳಿದ ಗೋಡೆಯ ಹಲಗೆ ಎರಡು ಸಲ ತಲೆಯ ಮೇಲೆ ಬಿದ್ದಾಗಲೇ ಸಹಿ ಮಾಡಿಸಿಕೊಳ್ಳಬೇಕಿತ್ತು ಅಂದಳು.

ಅಲ್ಲಿಂದ ಅವನಿಗೆ ದಿನಕ್ಕೊಂದು ಧಕ್ಕೆ. ಉಳಿದ ನಟ್ಟಿಗೆ ಇಲ್ಲಿ ಡಬ್ಬಿ ಇಲ್ಲ. ಒಂದು ನಟ್ಟು ಉಳಿದರೆ ವಿಮಾನವೇ ಉಳಿಯುತ್ತದೆ, ಹಾರುವುದಿಲ್ಲ. ಬೋಲ್ಟನ್ನು ಮನಸ್ಸಿಗೆ ಬಂದಷ್ಟು ಬಿಗಿ ಮಾಡುವಂತಿಲ್ಲ. ಎಷ್ಟು ಎಂಬುದನ್ನು ಪುಸ್ತಕ ಹೇಳುತ್ತದೆ. ಗೋಡೆಯ ಮೇಲೊಂದು ಹಲಗೆ. ಅದರ ಮೇಲೆ ನಟ್ಟು ತಿರುಗಿಸುವ ಪ್ರತಿ ಪಾನಾದ, ಇಕ್ಕಳದಂಥ ಪ್ರತಿ ಪಕ್ಕಡಿನ ನೆರಳನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಕೆಲಸ ಮುಗಿದ ಮೇಲೆ ಒಂದು ನೆರಳಾದರೂ ಬರಿದಾಗಿ ಕಂಡರೆ ಆ ಸಾಮಾನು ಸಿಗುವವರೆಗೆ ವಿಮಾನ ಅಲುಗುವಂತಿಲ್ಲ. ಇಂಜಿನ್ನಿನೊಳಗೆ ಮರೆತ ಒಂದು ಪಾನಾ ಮೇಲೆ ಹೋದವರನ್ನು ತಿರುಗಿ ಬಾರದಂತೆ ಮಾಡಬಹುದು.

ಖಾನಾಪುರದಿಂದ ಬೆಳಿಗ್ಗೆ ರೈಲಿಗೆ ಹೋಗುವುದು, ಸಂಜೆ ಬರುವುದು, ಬಂದು ಓದುವುದು. ಕುಂದಾ ರೊಟ್ಟಿ ಬಡಿಯುತ್ತ ಪುಸ್ತಕ ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ಇವನದು ಅದಕ್ಕಿಂತ ಕಡಿಮೆ. ಆದರೂ ಕಾಯ್ದೆಯ ಪೇಪರಿನಲ್ಲಿ ಒಮ್ಮೆ ಬಿದ್ದು, ಎರಡನೆಯ ಸಲ ಎದ್ದು, ವರ್ಷಗಳು ಕಳೆದ ಮೇಲೆ ಲೇಖಿ ಪರೀಕ್ಷೆ ಅಷ್ಟೂ ದಾಟಿದ. ಮುಂಬೈ ಸಾಹೇಬರು ಬರುವ ದಿನ ಗೊತ್ತಾಯಿತು: ದಸರೆಯ ಬನ್ನಿ ಹಬ್ಬದ ಮರುದಿನ.

ಖಂಡೇನವಮಿಗೆ ಆಯುಧಗಳನ್ನು ಪೂಜೆಗೆ ಇಟ್ಟರೆ ಬನ್ನಿ ಮುಗಿಯುವವರೆಗೆ ಮುಟ್ಟುವಂತಿಲ್ಲ. ಮೀರಾಸಾಬರ ಗ್ಯಾರೇಜಿನಲ್ಲೂ ಅದೇ ಪದ್ಧತಿ. ಹುಡುಗರು ಪೂಜೆ ಮಾಡುತ್ತಿದ್ದರು, ಮೀರಾಸಾಬರು ಚುರುಮುರಿ ಹಂಚುತ್ತಿದ್ದರು. ಈ ಸಲ ಅವಧೂತನ ತಲೆಯಲ್ಲಿ ಒಂದು ಆಸೆ ಹೊಕ್ಕಿತು. ಪರೀಕ್ಷೆ ಎದುರಿಗಿದೆ, ತನಗೆ ಕೈಕೆಲಸ ಕಲಿಸಿದ ಉಸ್ತಾದರ ಪಾನಾಗಳು ವಿಮಾನದ ಪಾನಾಗಳ ಬಾಜೂಕ್ಕೇ ಪೂಜೆಗೆ ಕೂಡಬೇಕು. ಲಾರಿಯ ಎಣ್ಣೆ ಮೆತ್ತಿದ ಸಾಮಾನು ಅಲ್ಲಿ ಯಾಕೋ ಎಂದು ಮೀರಾಸಾಬರು ಸಂಕೋಚಪಟ್ಟರು. ಆ ಸಂಕೋಚ ಇವನಿಗೆ ಚುಚ್ಚಿತು. ಅವರ ಪಾನಾಗಳ ಗಂಟನ್ನು ಮನೆಗೆ ಹೊತ್ತು, ಚಿಮಣಿ ಎಣ್ಣೆ ಹಾಕಿ, ಇಟ್ಟಂಗಿ ಪುಡಿಯಿಂದ ತಿಕ್ಕಿ ತಿಕ್ಕಿ, ಹೊಸ ಸೊಸೆಯ ಪಾತ್ರೆಗಳ ಹಾಗೆ ಹೊಳೆಯಿಸಿದ. ಗುರುಪುತ್ರಪ್ಪನವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಹ್ಯಾಂಗರಿನಲ್ಲಿ ಬಿಳಿ ಬಟ್ಟೆ ಹಾಸಿ ಎರಡೂ ಮನೆತನದ ಪಾನಾಗಳನ್ನು ಜೋಡಿಸಿ, ಕ್ಲಬ್ಬಿನ ಪಾನಾಗಳ ಮೇಲೆ ಕೆತ್ತಿದ್ದ ಸಣ್ಣ ನಂಬರು ಮುಚ್ಚಿಹೋಗುವಷ್ಟು ಕುಂಕುಮ ಬಳಿದ. ಇದಕ್ಕಿಂತ ದೊಡ್ಡ ತಪ್ಪನ್ನು ಇದಕ್ಕಿಂತ ಹೆಚ್ಚಿನ ಭಕ್ತಿಯಿಂದ ಯಾರೂ ಮಾಡಿರಲಾರರು.

ಪರೀಕ್ಷೆಯ ದಿನ ನಸುಕಿನಲ್ಲೇ ಬಂದು, ಉಸ್ತಾದರ ಗಂಟು ಕಟ್ಟಿ, ಅದನ್ನು ಒಯ್ಯಲೆಂದೇ ಬಂದಿದ್ದ ಅವರ ಕೈಗೆ ಕೊಟ್ಟು, ಕ್ಲಬ್ಬಿನವನ್ನು ಗಡಿಬಿಡಿಯಲ್ಲಿ ನಂಬರು ನೋಡದೆ ಒರೆಸಿ ಹಲಗೆಗೆ ತೂಗುಹಾಕಿದ. ಎಲ್ಲ ನೆರಳೂ ತುಂಬಿದವು. ವಿಮಾನದ ಇಂಜಿನ್ ಮುಚ್ಚಳ ಬಿಚ್ಚಿ, ನೋಡಿ, ಮುಚ್ಚಿ, ಬಳಸಿದ ಪಾನಾಗಳನ್ನು ಮತ್ತೆ ಹಲಗೆಗೆ ಹಾಕಿದ. ಊರಿನಿಂದ ಬಂದ ಗುರುಪುತ್ರಪ್ಪನವರು ಪರಿಶೀಲಿಸಿ ಸಹಿ ಹಾಕಿದರು. ಶಿಕ್ಷಕರು ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಮೇಲೆ ಹಾರಿದರು. ಅಷ್ಟರಲ್ಲಿ ಮುಂಬೈ ಸಾಹೇಬರು ಬಂದರು. ಬನ್ನಿ ಎಲೆ ಕೊಟ್ಟರೆ ಅದನ್ನೂ ತಿರುಗಿಸಿ ಮುರುಗಿಸಿ ಪರೀಕ್ಷಿಸಿ ಕಿಸೆಗೆ ಇಟ್ಟುಕೊಂಡರು.

ಬಾಯಿಮಾತಿನ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಸಾಹೇಬರ ಮುಖದಲ್ಲಿ ಒಂದು ನಗೆಯ ಸುಳಿವೂ ಕಂಡಿತು. ಇನ್ನು ಕೈಕೆಲಸ. ಮೇಜಿನ ಮೇಲಿನ ಹಳೆಯ ಇಂಜಿನ್ ತೋರಿಸಿ, ಅರ್ಧ ಇಂಚಿನ ಪಾನಾ ತಂದು ಇದನ್ನು ಬಿಚ್ಚು ಅಂದರು.

ಅವಧೂತ ಹಲಗೆಯಿಂದ ಪಾನಾ ತೆಗೆದ. ಅವನ ಹೆಬ್ಬೆರಳು ಹಿಡಿಕೆಯ ಒಂದು ತಗ್ಗಿನಲ್ಲಿ ಹೋಗಿ ತಾನಾಗಿ ಕುಳಿತಿತು.

ಆ ತಗ್ಗು ಅವನಿಗೆ ಗೊತ್ತು. ತುಕ್ಕು ಹಿಡಿದ ನಟ್ಟಿನ ಮೇಲೆ ಪಾನಾ ಇಟ್ಟು ಮೀರಾಸಾಬರು ಸುತ್ತಿಗೆಯಿಂದ ಬಡಿದು ಬಡಿದು ಬಿದ್ದ ತಗ್ಗು. ಹುಡುಗನಿದ್ದಾಗಿನಿಂದ ಬೆರಳು ಅಲ್ಲೇ ಇಟ್ಟು ಬೆಳೆದವನು.

ಇದು ಇಲ್ಲಿದ್ದರೆ ಕ್ಲಬ್ಬಿನ ಪಾನಾ ಎಲ್ಲಿ? ಅದಲುಬದಲಾಗಿ ಉಸ್ತಾದರ ಗಂಟಿನಲ್ಲಿ ಹೋಗಿರಬಹುದು. ಹಾಗೇ ಆಗಿರಬೇಕು. ಆದರೆ ಎರಡೂ ಇಲ್ಲೇ ಉಳಿದು, ಬೆಳಿಗ್ಗೆ ಒಂದನ್ನು ಇಂಜಿನ್ನಿನೊಳಗೆ ಮರೆತು, ಇನ್ನೊಂದನ್ನು ಹಲಗೆಗೆ ತೂಗುಹಾಕಿದ್ದರೆ? ಹಲಗೆ ಆಗಲೂ ಹೀಗೇ ತುಂಬಿ ಕಾಣುತ್ತಿತ್ತು. ಸಾಹೇಬರಿಗೆ ಏನೂ ಗೊತ್ತಿಲ್ಲ. ಈ ಒಂದು ನಟ್ಟು ಬಿಚ್ಚಿದರೆ ಲೈಸೆನ್ಸ್. ತಲೆಯ ಮೇಲೆ ದೂರದಲ್ಲಿ ವಿಮಾನದ ಸದ್ದು ಕೇಳುತ್ತಿತ್ತು.

ಪಾನಾ ಮೇಜಿನ ಮೇಲಿಟ್ಟು ಅವನು ಗುರುಪುತ್ರಪ್ಪನವರ ಕಡೆ ತಿರುಗಿದ. "ಸರ್, ಈ ಪಾನಾ ನಮ್ದಲ್ರಿ. ವಿಮಾನ ಇಳಸ್ರಿ."

ಸಾಹೇಬರೇ ಮೊದಲು ಎದ್ದು ಟವರಿಗೆ ತಿಳಿಸಲು ಫೋನಿನ ಕಡೆ ನಡೆದರು. ವಿಮಾನ ಇಳಿಯುವವರೆಗೆ ಹ್ಯಾಂಗರಿನಲ್ಲಿ ಯಾರೂ ಕೂಡಲಿಲ್ಲ. ಇಳಿದ ಮೇಲೆ ಮುಚ್ಚಳ ಬಿಚ್ಚಿ ಮೂಲೆಮೂಲೆ ತಡಕಿದರು. ಪಾನಾ ಇರಲಿಲ್ಲ. ಆ ವಿದ್ಯಾರ್ಥಿ ತನ್ನದೇ ಏನೋ ತಪ್ಪಾಯಿತೆಂದು ಎಲ್ಲರಿಗೂ ಕ್ಷಮೆ ಕೇಳುತ್ತಿದ್ದ.

ಸಾಹೇಬರ ಜೀಪಿನಲ್ಲೇ ಎಲ್ಲರೂ ಗ್ಯಾರೇಜಿಗೆ ಬಂದರು. ಅಲ್ಲಿ ಲಾರಿಯ ಕೆಳಗಿನಿಂದ ಮೀರಾಸಾಬರ ಎರಡು ಕಾಲು ಕಾಣುತ್ತಿದ್ದವು, ಮತ್ತು ಠಣ್ ಠಣ್ ಎಂದು ಸದ್ದು ಬರುತ್ತಿತ್ತು. ವಿಮಾನದ ಪಾನಾವನ್ನು ಒಂದು ಕಟ್ಟಿಗೆ ಲಾರಿಯ ನಟ್ಟಿಗೆ ಕೊಟ್ಟು ಅವರು ಸುತ್ತಿಗೆಯಿಂದ ಬಡಿಯುತ್ತಿದ್ದರು. ಮುಂಬೈ ಸಾಹೇಬರು ಕಣ್ಣು ಮುಚ್ಚಿಕೊಂಡರು.

ವಿಷಯ ತಿಳಿದು ಮೀರಾಸಾಬರು ಲಾರಿಯ ಕೆಳಗಿನಿಂದ ಹೊರಗೆ ಬಂದರು. "ಒಂದು ಪಾನಾದ ಸಲುವಾಗಿ ಇಮಾನ ಇಳಿಸಿದ್ರ್ಯಾ? ನಾ ಲಾರ್ಯಾಗ ಜಾಕ್ ಮರ್ತು ಕಳಿಸೇನಿ, ಗೋವಾಕ್ಕ ಹೋಗಿ ಬಂದೈತಿ."

ಸಾಹೇಬರು ಅವಧೂತನನ್ನು ಫೇಲ್ ಮಾಡಿದರು. ಹೊರಗಿನ ಸಾಮಾನು ವಿಮಾನದ ಹತ್ತಿರ ತಂದವನಿಗೆ ಸಹಿಯ ಅಧಿಕಾರ ಕೊಡಲಾಗದು ಎಂದು ತಣ್ಣಗೆ ಹೇಳಿದರು. ಆರು ತಿಂಗಳ ಮೇಲೆ ಬಾಯಿಮಾತು, ಕೈಕೆಲಸದ್ದಷ್ಟೇ ಮತ್ತೆ ಕೊಡಬಹುದು. ಸಹಿ ಹಾಕಿದ್ದಕ್ಕೆ ಗುರುಪುತ್ರಪ್ಪನವರಿಗೂ ಬುದ್ಧಿ ಹೇಳಿದರು. ಅವರು ಅವಧೂತನ ಕೂಡ ದೀಪಾವಳಿಯವರೆಗೆ ಕೆಲಸ ಬಿಟ್ಟು ಬೇರೆ ಮಾತಾಡಲಿಲ್ಲ.

ಮನೆಯಲ್ಲಿ ಕುಂದಾ ಸಿಹಿ ಮಾಡಿ ಕಾದಿದ್ದಳು.

"ಸಾಹೇಬ್ರಿಗೆ ಗೊತ್ತಾಗಿದ್ದಿಲ್ಲೇನು?"

"ಇಲ್ಲ."

"ಮತ್ತ ನೀವ ಹೇಳಿದ್ರಿ. ಹೇಳಿದ್ದಕ್ಕ ಫೇಲ್ ಮಾಡಿದ್ರು?"

"ಹೇಳಿದ್ದಕ್ಕಲ್ಲ. ತಂದಿದ್ದಕ್ಕ."

ಕುಂದಾ ಸಿಹಿಯನ್ನು ಬಡಿಸಿಯೇ ಬಿಟ್ಟಳು; ಮ್ಯಾಲೆ ಇದ್ದವರು ಕೆಳಗ ಬಂದಾರಲ್ಲ, ಉಣ್ರಿ ಅಂದಳು.

ಮುಂದಿನ ಪರೀಕ್ಷೆಗೆ ಅವನು ಹೋದದ್ದು ಎಂಬತ್ತರ ಬೇಸಿಗೆಯಲ್ಲಿ. ಅದೇ ಸಾಹೇಬರು. ಮೊದಲು ಕಿಸೆಯಲ್ಲಿರುವುದನ್ನೆಲ್ಲ ಹೊರಗೆ ತೆಗೆ ಅಂದರು. ಅವಧೂತ ನಾಚಿಕೊಂಡು ಕಿಸೆಗಳನ್ನು ತೋರಿಸಿದ. ಅವನ ಖಾಕಿ ಅಂಗಿ, ಪ್ಯಾಂಟಿನ ಎಲ್ಲ ಕಿಸೆಗಳನ್ನೂ ಹಿಂದಿನ ದಿನ ಕುಂದಾ ದಪ್ಪ ದಾರದಿಂದ ಹೊಲಿದುಬಿಟ್ಟಿದ್ದಳು. ಸಾಹೇಬರು ಬಗ್ಗಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಈ ಮುನ್ನೆಚ್ಚರಿಕೆ ತಮ್ಮ ಯಾವ ಪುಸ್ತಕದಲ್ಲೂ ಇಲ್ಲ ಎಂದು ಗುರುಪುತ್ರಪ್ಪನವರಿಗೆ ಹೇಳಿ, ಪ್ರಶ್ನೆ ಶುರು ಮಾಡಿದರು. ಪಾಸಾದ.

ಲೈಸೆನ್ಸ್ ಅಂಚೆಯಲ್ಲಿ ಬಂದ ದಿನ ಅದನ್ನು ಕೈಯಲ್ಲೇ ಹಿಡಿದುಕೊಂಡು ಗ್ಯಾರೇಜಿಗೆ ಹೋದ. ಗ್ಯಾರೇಜಿನ ಗೋಡೆಯ ಮೇಲೆ ಈಗ ಡಾಂಬರಿನಿಂದ ಬರೆದ ಪಾನಾಗಳ ನೆರಳುಗಳಿದ್ದವು. ಸುತ್ತಿಗೆ ಏಟು ತಿಂದ ಕ್ಲಬ್ಬಿನ ಪಾನಾ ಮತ್ತೆ ವಿಮಾನಕ್ಕೆ ನಡೆಯುವುದಿಲ್ಲವೆಂದು ಇಲ್ಲೇ ಉಳಿದಿತ್ತು. ಅದು ತನ್ನ ನಂಬರಿನ ಸಮೇತ ನಡುವೆ ತೂಗುತ್ತಿತ್ತು. ಉಳಿದ ನಟ್ಟುಗಳ ಡಬ್ಬಿ ಮಾತ್ರ ಇದ್ದಲ್ಲೇ ಇತ್ತು.

ಮೀರಾಸಾಬರು ಕೈ ಒರೆಸಿಕೊಂಡು ಲೈಸೆನ್ಸಿನ ಸಣ್ಣ ಪುಸ್ತಕ ತಿರುವಿ, ಏನು ಬರೆದಿದೆ ಎಂದು ಕೇಳಿದರು. ಆ ಒಂದು ನಮೂನೆಯ ಇಂಜಿನ್ನಿಗೆ ಮಾತ್ರ ಇದು ನಡೆಯುತ್ತದೆ ಎಂದು ಅವಧೂತ ತಿಳಿಸಿದ. ಅವರಿಗೆ ನಂಬಿಕೆಯಾಗಲಿಲ್ಲ.

"ಇಷ್ಟೆಲ್ಲಾ ಮಾಡಿ ಒಂದ ಇಂಜಿನ್ನ? ಹಂಗಾರ ನನ್ನ ಲಾರಿ ಮುಟ್ಟಾಕ ನಿನಗ ಲೈಸೆನ್ಸ್ ಇಲ್ಲ?"

"ಇಲ್ರೀ ಉಸ್ತಾದ."

"ಅದು ನಾ ಕೊಡತೇನಿ, ತಗೊ."

ತಗ್ಗಿದ್ದ ಹಳೆಯ ಪಾನಾ ಕೈಗೆ ಬಂತು. ಎದುರಿಗೆ ನಿಂತಿದ್ದ ಕಟ್ಟಿಗೆ ಲಾರಿಯ ಗಾಲಿಯ ನಟ್ಟುಗಳು ಬೇರೆ ಹುಡುಗರ ಕೈಯಲ್ಲಿದ್ದವು. ಇವನಿಗೆ ಸಿಕ್ಕದ್ದು ಮಡ್‌ಗಾರ್ಡಿನ ಒಂದು ಸಣ್ಣ ನಟ್ಟು. ಹೆಬ್ಬೆರಳು ತನ್ನ ಜಾಗದಲ್ಲಿ ಕೂತಿತು. ಬಿಗಿ ಮಾಡಿದ. ಆಮೇಲೆ ಪಾನಾ ಗೋಡೆಗೆ ತೂಗುಹಾಕಿ ಬಂದು, ಏನನ್ನೋ ಹುಡುಕುವವನ ಹಾಗೆ ಸುತ್ತ ನೋಡತೊಡಗಿದ. ಏನು ಬೇಕು ಎಂದು ಮೀರಾಸಾಬರು ಕೇಳಿದರೆ, ಎಲ್ಲಿ ಸಹಿ ಹಾಕಲಿ ಅಂದ.

ಮೀರಾಸಾಬರು ಒಳಗೆ ಹೋಗಿ ಬರೆಯುವ ಬಿಳಿ ಖಡು ತಂದುಕೊಟ್ಟರು. ಅವಧೂತ ಮಡ್‌ಗಾರ್ಡಿನ ಮೇಲೆ ತಾರೀಖು ಬರೆದು ಸಹಿ ಹಾಕಿದ. ಲಾರಿ ಲೋಂಡಾದ ಕಡೆ ಹೊರಟಿತು. ಮೀರಾಸಾಬರು ಅದು ಕಣ್ಮರೆಯಾಗುವವರೆಗೂ ರಸ್ತೆಯಲ್ಲಿ ನಿಂತು ನೋಡಿ, ಬಂದು ಉಳಿದ ನಟ್ಟುಗಳ ಡಬ್ಬಿಯನ್ನು ಗೋಣಿಚೀಲದಿಂದ ಮುಚ್ಚಿದರು.