ಭಾವ ತಂದ ಪುಡಿ ಡಬ್ಬಿ

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಬ್ರೆಡ್ಡು, ಮೂಸಂಬಿ, ಎಳನೀರು, ಇಲ್ಲವೇ ಹಾಲಿಗೆ ಕಲಸಿ ಕುಡಿಯುವ ಪುಡಿಯ ಒಂದು ಬಾಟಲಿ. ಅಪ್ಪನಿಗೆ ಕಿಡ್ನಿ ತೊಂದರೆ ಎಂಬ ಸುದ್ದಿ ಹಬ್ಬಿದ ವಾರ ಹೊನ್ನಾಳಿಯ ನಮ್ಮ ಮನೆಗೂ ಇವೆಲ್ಲ ಬಂದವು. ಹೆಚ್ಚಿನವು ಅಪ್ಪನಿಗೆ ಆಗುವಂಥವಲ್ಲ. ಬಂದವರನ್ನು ನಗುನಗುತ್ತ ಮಾತಾಡಿಸಿ, ಅವರು ಬೀದಿಯ ತಿರುವು ದಾಟಿದ ಮೇಲೆ ಒಂದೊಂದನ್ನೇ ಪಕ್ಕದ ಮನೆಗೆ ಸಾಗಿಸುತ್ತಿದ್ದೆ. ಹಾಗೆ ಸಾಗಿಸಲಾಗದ್ದು ಭಾವ ತಂದದ್ದು ಮಾತ್ರ. ಬಿಂದಿಗೆಯಷ್ಟು ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಅಂಗಿ ಇಲ್ಲದ ಒಬ್ಬ ಗಂಡಸು ತೋಳು ಉಬ್ಬಿಸಿಕೊಂಡು ನಿಂತಿದ್ದ.

ಭಾವ ಎಂದರೆ ನನ್ನ ಅಕ್ಕನ ಗಂಡ. ಚನ್ನಗಿರಿಯಲ್ಲಿ ಜಿಮ್ ಇಟ್ಟಿದ್ದಾರೆ. ಜಿಮ್ಮಿನ ಮುಂಭಾಗದಲ್ಲೇ ಗಾಜಿನ ಕಪಾಟುಗಳ ಅಂಗಡಿ. ಪ್ರೋಟೀನ್ ಪುಡಿ, ಓಟ್ಸ್ ಬಿಸ್ಕತ್ತು, ಖರ್ಜೂರವನ್ನೂ ಬಾದಾಮಿಯನ್ನೂ ಒತ್ತಿ ಮಾಡಿದ ಬಾರ್‌ಗಳು, ಬಾಟಲಿಯಲ್ಲಿ ತುಂಬಿದ ಪೀನಟ್ ಬಟರ್. ಮನೆಯಲ್ಲಿ ಹುರಿದ ಶೇಂಗಾ ಕೊಟ್ಟರೆ ಮುಖ ಸಿಂಡರಿಸುವ ಹುಡುಗರು ಅದನ್ನೇ ರುಬ್ಬಿ ಬಾಟಲಿಗೆ ಹಾಕಿದರೆ ಚಮಚದಲ್ಲಿ ನೆಕ್ಕುತ್ತಾರೆ. ನನಗೆ ಆ ಅಂಗಡಿಯನ್ನು ಕಂಡರೂ ಆಗುವುದಿಲ್ಲ, ಅದರ ಯಜಮಾನರನ್ನು ಕಂಡರಂತೂ ಮೈ ಉರಿಯುತ್ತದೆ. ಇದನ್ನು ಮುಚ್ಚಿಟ್ಟು ಬರೆಯುವ ದೊಡ್ಡ ಗುಣ ನನ್ನಲ್ಲಿಲ್ಲ.

ಆದರೆ ಅವರು ಮನೆಯ ಅಳಿಯ. ಅಳಿಯ ಬಂದರೆ ಕುರ್ಚಿ ಹಾಕಬೇಕು, ಅಳಿಯ ತಂದದ್ದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು. ಬೈಯುವುದಾದರೂ ‘ರಿ’ ಹಚ್ಚಿಯೇ ಬೈಯಬೇಕು. ಹೆತ್ತ ಅಪ್ಪನನ್ನು ಏಕವಚನದಲ್ಲಿ ಕರೆಯುವ ನಾನು ಆ ಮನುಷ್ಯನಿಗೆ ಬಹುವಚನ ಕೊಟ್ಟು ಕೊಟ್ಟು ನಾಲಿಗೆ ಸವೆಸಿಕೊಂಡಿದ್ದೇನೆ.

“ಮಾವ, ಇದನ್ನ ದಿನಾ ಬೆಳಿಗ್ಗೆ ಹಾಲಿಗೆ ಹಾಕ್ಕೊಂಡು ಕುಡೀರಿ. ಹೋದ ಮೈ ವಾಪಸ್ ಬರ್ತೈತೆ,” ಎಂದರು.

“ಭಾವ, ಡಾಕ್ಟ್ರು ಬೇಳೇನೇ ಕಮ್ಮಿ ಮಾಡ್ರಿ ಅಂದಿದಾರೆ. ಬೇಳೇಲಿರೋ ಪ್ರೋಟೀನೇ ಅಲ್ವಾ ಇದ್ರಲ್ಲಿ ಇರಾದೆಲ್ಲ?” ಎಂದೆ.

“ಡಾಕ್ಟ್ರು ಹೇಳಾದು ರೋಗಿಗೆ ಕಣಮ್ಮ ಟೀಚರಮ್ಮ. ನಮ್ಮ ಮಾವ ಪೈಲ್ವಾನ್ರು.”

ಅಪ್ಪನ ಮುಖ ಅರಳಿದ್ದನ್ನು ನಾನು ನೋಡಿದೆ.

ಪೈಲ್ವಾನ್ ಎಂಬುದು ಸುಳ್ಳಲ್ಲ. ಅಪ್ಪ ಹರೆಯದಲ್ಲಿ ನ್ಯಾಮತಿಯ ಗರಡಿಯಲ್ಲಿ ಸಾಮು ಮಾಡಿದವನು. ಜಗಳೂರಿನಲ್ಲಿ ತನಗಿಂತ ಒಂದೂವರೆ ಪಟ್ಟು ತೂಕದವನನ್ನು ಚಿತ್ ಮಾಡಿ ಬೆಳ್ಳಿ ಕಡಗ ಹಾಕಿಸಿಕೊಂಡವನು. ಆಮೇಲೆ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು, ಹಮಾಲರ ಮೇಸ್ತ್ರಿಯಾಗಿ, ನಮ್ಮಿಬ್ಬರನ್ನು ಓದಿಸಿದ. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು, ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದು ಸದ್ದಿಲ್ಲದೆ ಕಿಡ್ನಿಗೆ ಇಳಿದಿತ್ತು. ಊಟದಲ್ಲಿ ಪಥ್ಯ ಮಾಡಿದರೆ ಡಯಾಲಿಸಿಸ್ಸನ್ನು ಬಹಳ ಕಾಲ ದೂರ ಇಡಬಹುದು, ಮಾಡದಿದ್ದರೆ ಅದು ಬೇಗ ಬಾಗಿಲಿಗೆ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅಮ್ಮ ಇಲ್ಲ. ನಾನು ಮದುವೆಯಾಗದೆ ಅಪ್ಪನ ಜೊತೆಗೇ ಇರುವವಳು, ಇಲ್ಲೇ ಒಂದು ಶಾಲೆಯಲ್ಲಿ ಟೀಚರು. ಅಪ್ಪನನ್ನು ಆ ಯಂತ್ರಕ್ಕೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಹಟವೆಂದರೆ ಹಟವೇ. ತರಕಾರಿಯನ್ನು ಕುದಿಸಿ ನೀರು ಬಸಿದು, ಮತ್ತೆ ಬೇರೆ ನೀರಿನಲ್ಲಿ ಬೇಯಿಸುತ್ತಿದ್ದೆ. ಉಪ್ಪನ್ನು ಚಿಟಿಕೆಯಲ್ಲಿ ಹಾಕುತ್ತಿದ್ದೆ. ಬೇಳೆ ಸಾರು ನೀರಿನಂತೆ. ಬಾಳೆಹಣ್ಣು ಮನೆಯೊಳಗೆ ಬರುವಂತಿಲ್ಲ. ಕುಡಿಯುವ ನೀರೂ ಅಳತೆಯಲ್ಲಿ. ಅಪ್ಪ ತಟ್ಟೆಯ ಮುಂದೆ ಕೂತು, “ಇದನ್ನ ದನದ ಮುಂದಿಟ್ರೆ ಅದೂ ಮುಖ ತಿರುಗಿಸ್ತೈತೆ,” ಎನ್ನುತ್ತಿದ್ದ. “ತಿರುಗಿಸಲಿ, ನೀನು ತಿನ್ನು,” ಎನ್ನುತ್ತಿದ್ದೆ. ಭಾವನ ಡಬ್ಬಿಯನ್ನು ಅವತ್ತೇ ಅವರ ಸ್ಕೂಟರಿನ ಮೇಲಿಟ್ಟು ವಾಪಸ್ ಕಳಿಸಿದ್ದೆ. ಅಕ್ಕ ಫೋನಿನಲ್ಲಿ ಅತ್ತಳು. ಗಂಡನ ಮಾನ ಹೋಯಿತಂತೆ. ಪುಡಿ ಡಬ್ಬಿಯಲ್ಲಿ ಇರುವ ಮಾನ ಹೋದರೆ ಹೋಗಲಿ ಎಂದು ಫೋನ್ ಇಟ್ಟೆ.

ಇದಾದ ಕೆಲವು ದಿನಗಳಲ್ಲೇ ಅಪ್ಪನಿಗೆ ಇದ್ದಕ್ಕಿದ್ದಂತೆ ಅಕ್ಕನ ಮೇಲೆ ಪ್ರೀತಿ ಉಕ್ಕಿತು. ಶನಿವಾರ ಬಂತೆಂದರೆ ಚನ್ನಗಿರಿ ಬಸ್ಸು. “ಮಗಳನ್ನ ನೋಡ್ಕೊಂಡು ಬರ್ತೀನಿ,” ಎಂದು ಬಿಳಿ ಪಂಚೆ ಉಟ್ಟು, ಮೀಸೆ ತಿರುವಿ ಹೊರಡುತ್ತಿದ್ದ. ವಾಪಸ್ ಬಂದಾಗ ನಡಿಗೆಯಲ್ಲಿ ಏನೋ ಠೀವಿ. ನನಗೂ ಒಳ್ಳೆಯದೇ ಅನ್ನಿಸಿತು, ಮನಸ್ಸು ಚೆನ್ನಾಗಿರಲಿ ಎಂದುಕೊಂಡೆ. ಆದರೆ ರಕ್ತದ ಪರೀಕ್ಷೆಯಲ್ಲಿ ಪ್ರತಿ ಸಲವೂ ಮೊದಲಿಗಿಂತ ಕೆಟ್ಟದ್ದೇ ಬರುತ್ತಿತ್ತು. ಡಾಕ್ಟರು ನನ್ನ ಕಡೆ ನೋಡಿ, “ಪಥ್ಯ ಮಾಡ್ತಾ ಇದೀರಾ ತಾನೇ?” ಎಂದು ಕೇಳುವಾಗ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವಳಿಗೆ ಆ ಪ್ರಶ್ನೆ!

ಅನುಮಾನ ಬಂದದ್ದು ಅಪ್ಪನ ಜುಬ್ಬಾ ಒಗೆಯುವಾಗ. ಜೇಬಿನಲ್ಲಿ ಬಾರ್‌ನ ಹೊಳೆಯುವ ಕಾಗದ ಸಿಕ್ಕಿತು. ಮುಂದಿನ ಶನಿವಾರ ಶಾಲೆ ಬಿಟ್ಟ ತಕ್ಷಣ ಯಾರಿಗೂ ಹೇಳದೆ ನಾನೂ ಚನ್ನಗಿರಿ ಬಸ್ಸು ಹತ್ತಿದೆ. ಅಕ್ಕನ ಮನೆಗೆ ಹೋಗದೆ ನೆಟ್ಟಗೆ ಜಿಮ್ಮಿಗೆ ಹೋದೆ.

ಬಾಗಿಲಲ್ಲೇ ಅಪ್ಪನ ದನಿ ಕೇಳಿಸಿತು. ನಮ್ಮ ಮನೆಯಲ್ಲಿ ನಾನು ತಿಂಗಳುಗಟ್ಟಲೆ ಕೇಳದಿದ್ದ ದನಿ ಅದು. ಕಬ್ಬಿಣದ ಸಾಮಾನುಗಳ ನಡುವೆ ಕುರ್ಚಿ ಹಾಕಿ ಅವನನ್ನು ಕೂರಿಸಿದ್ದರು. ಬೆವೆತ ಹುಡುಗರು ಸುತ್ತ ನೆಲದ ಮೇಲೆ ಕೂತಿದ್ದರು. “ತೋಳಲ್ಲಿ ಎಷ್ಟು ಬಲ ಇದ್ರೇನೋ, ಸೊಂಟ ಹಿಡಿಯಾಕೆ ಬರಬೇಕು,” ಎಂದು ಅಪ್ಪ ಜಗಳೂರಿನ ಕುಸ್ತಿಯನ್ನು ಕೈಯಲ್ಲೇ ಆಡಿ ತೋರಿಸುತ್ತಿದ್ದ. ಇನ್ನೊಂದು ಕೈಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಲೋಟ, ಇವರೆಲ್ಲ ಶೇಕರ್ ಎನ್ನುವಂಥದ್ದು. ಮೀಸೆಯ ಮೇಲೆ ಬಿಳಿ ನೊರೆ. ಭಾವ ಹಿಂದೆ ನಿಂತು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದರು: “ನೋಡ್ರಿ, ಹಳೇ ಪೈಲ್ವಾನ್ರು. ಅವ್ರೇ ಇದನ್ನ ಕುಡೀತಾರೆ ಅಂದ್ಮೇಲೆ ನಿಮಗೇನ್ ಭಯ?”

ನನಗೆ ಪಿತ್ತ ನೆತ್ತಿಗೇರಿತು. ಆ ಲೋಟವನ್ನು ಕಿತ್ತುಕೊಂಡು ಬಾಗಿಲಾಚೆ ಎಸೆದೆ.

“ಏನ್ರೀ ಕುಡಿಸ್ತಾ ಇದೀರಿ ನಮ್ಮಪ್ಪಂಗೆ? ಡಾಕ್ಟ್ರು ಬ್ಯಾಡ ಅಂದಿದ್ದನ್ನ ಕದ್ದು ಕೊಡಾಕೆ ನಾಚಿಕೆ ಆಗಲ್ವಾ ಭಾವ? ಮನುಷ್ಯರಾ ನೀವು? ನಿಮ್ಮ ಪುಡಿ ಮಾರಾಕೆ ನಮ್ಮಪ್ಪನೇ ಬೇಕಾಗಿತ್ತಾ?”

“ಕದ್ದು ಯಾಕ್ ಕೊಡ್ಲಿ? ಅವ್ರೇ ಕೇಳಿ ಕುಡೀತಾರೆ,” ಎಂದರು ಭಾವ, ಒಂದಿಷ್ಟೂ ಅಳುಕದೆ. “ನಿನ್ನಂಗೆ ಅವ್ರನ್ನ ಬದುಕಿದ್ದಂಗೇ ಹಾಸಿಗೆ ಹಿಡಿಸಾಕೆ ನಂಗೆ ಬರಲ್ಲ. ನೀನ್ ಹಾಕೋ ಬಸಿದ ಸೊಪ್ಪಲ್ಲಿ ಏನೈತೆ ಹೇಳು?”

“ಜೀವ ಐತ್ರೀ, ಜೀವ!”

“ಬಾಯಿ ಮುಚ್ಚು!” ಎಂದು ಕೂಗಿದ್ದು ಅಪ್ಪ. “ಅಳಿಯಂದ್ರ ಜೊತೆ ಹಿಂಗ್ ಮಾತಾಡಾದಾ? ನಡೀ ಮನೆಗೆ.”

ಅಷ್ಟು ಹುಡುಗರ ಮುಂದೆ. ಬಸ್ಸಿನಲ್ಲಿ ಹೊನ್ನಾಳಿಯವರೆಗೂ ಅಪ್ಪ ಕಿಟಕಿಯಾಚೆ ನೋಡುತ್ತ ಕೂತ. ಅವನ ಮೀಸೆಯ ಮೇಲಿನ ನೊರೆ ಒಣಗಿ ಹೋಗಿತ್ತು. ಒರೆಸಿಕೋ ಎಂದು ಹೇಳುವಷ್ಟು ದಯೆಯೂ ಆಗ ನನ್ನಲ್ಲಿರಲಿಲ್ಲ.

ಡಯಾಲಿಸಿಸ್ ಬಂದೇ ಬಂತು. ಆ ಪುಡಿಯಿಂದಲೇ ಹೀಗಾಯಿತೇ ಎಂದು ನಾನು ಡಾಕ್ಟರನ್ನು ಕೇಳಿದೆ. ಹೌದು ಎನ್ನಲಿ ಎಂದು ಕಾಯುತ್ತಿದ್ದೆ. ಅವರು ನಿಧಾನವಾಗಿ, “ಕುಡೀಬಾರದಿತ್ತು. ಆದರೆ ಅದರಿಂದಲೇ ಅಂತ ಹೇಳಕ್ಕಾಗಲ್ಲ, ಕಿಡ್ನಿ ಮೊದಲೇ ಸೋತಿತ್ತು,” ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಇಂಥ ಅರೆಬರೆ ಉತ್ತರವನ್ನು ತೆಗೆದುಕೊಂಡು ನಾನು ಯಾರ ಮುಖಕ್ಕೆ ಹೊಡೆಯಲಿ? ಭಾವ ಆಸ್ಪತ್ರೆಗೆ ಬಂದಾಗ ಉತ್ತರವೇ ಬೇಕಿಲ್ಲದವಳಂತೆ ಬಾಯಿಗೆ ಬಂದದ್ದೆಲ್ಲ ಅಂದೆ. ನೀವು ನಮ್ಮಪ್ಪನನ್ನು ತಿಂದಿರಿ, ಇನ್ನು ನಮ್ಮ ಹೊಸಿಲು ತುಳಿಯಬೇಡಿ ಎಂದೆ. ಅಷ್ಟೆಲ್ಲ ಅಂದದ್ದೂ ಬಹುವಚನದಲ್ಲೇ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವ ಸ್ಕೂಟರ್ ಹತ್ತಿ ಹೋದರು.

ವಾರದಲ್ಲಿ ಕೆಲವು ದಿನ ಯಂತ್ರ, ಉಳಿದ ದಿನ ಸುಸ್ತು. ಅಪ್ಪನ ತೋಳುಗಳು ನಮ್ಮ ಕಣ್ಣೆದುರೇ ಕರಗತೊಡಗಿದವು. ಆಗ ಊಟದ ಬಗ್ಗೆ ಹೇಳುವ ಆಸ್ಪತ್ರೆಯ ಹೆಣ್ಣುಮಗಳೊಬ್ಬಳು ನನ್ನನ್ನು ಕರೆದು ಕೂರಿಸಿ, ಇನ್ನು ಮೇಲೆ ಪ್ರೋಟೀನ್ ಜಾಸ್ತಿ ಕೊಡಿ ಎಂದಳು. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಮತ್ತೆ ಕೇಳಿದೆ. “ಹೌದಮ್ಮ. ಡಯಾಲಿಸಿಸ್‌ಗೆ ಮುಂಚೆ ಕಮ್ಮಿ, ಶುರುವಾದ ಮೇಲೆ ಜಾಸ್ತಿ. ಯಂತ್ರದಲ್ಲಿ ಅದೂ ಹೋಗುತ್ತೆ. ಮೊಟ್ಟೆಯ ಬಿಳಿ ಕೊಡಿ. ಈ ರೋಗಿಗಳಿಗೆ ಅಂತಲೇ ಪುಡಿ ಬರುತ್ತೆ, ಅದನ್ನೂ ಕೊಡಿ. ಇಲ್ಲಾಂದ್ರೆ ಇವರು ತಡೆಯಲ್ಲ.”

ಪುಡಿ! ನಾನು ಆ ಕುರ್ಚಿಯಲ್ಲೇ ಕೂತು ನಕ್ಕೆ. ಆ ಹುಡುಗಿ ಹೆದರಿರಬೇಕು. ಸುದ್ದಿ ಅಕ್ಕನ ಮೂಲಕ ಚನ್ನಗಿರಿ ಮುಟ್ಟಿತು. ಸಂಜೆಯೊಳಗೆ ಭಾವನ ಫೋನ್: “ಏನ್ ಟೀಚರಮ್ಮ, ನಾನ್ ಹೇಳಿರ್ಲಿಲ್ವಾ?” ನಾನು ಫೋನ್ ಕಟ್ ಮಾಡಿದೆ. ಅವರು ತಮ್ಮ ಅಂಗಡಿಯ ಕರಿ ಡಬ್ಬಿಯನ್ನು ಅಕ್ಕನ ಕೈಯಲ್ಲಿ ಕಳಿಸಿದರು, ನಾನು ಅವಳ ಕೈಯಲ್ಲೇ ವಾಪಸ್ ಕಳಿಸಿದೆ. ಆಸ್ಪತ್ರೆಯವರು ಹೇಳಿದ ಪುಡಿಯನ್ನೇ ಮೆಡಿಕಲ್ ಸ್ಟೋರಿನಿಂದ ತಂದೆ.

ಅಪ್ಪ ಅದನ್ನು ಮುಟ್ಟಲಿಲ್ಲ. ಸ್ಟೀಲ್ ಲೋಟದಲ್ಲಿ ಕಲಸಿ ಕೊಟ್ಟೆ, ತಳ್ಳಿದ. ಏಲಕ್ಕಿ ಹಾಕಿ ಕೊಟ್ಟೆ, ಗೋಡೆ ಕಡೆ ತಿರುಗಿದ. ಬೈದೆ, ಬೇಡಿದೆ, ಅತ್ತೆ. ಮೊಟ್ಟೆಯೂ ಬೇಡ, ಅನ್ನವೂ ಬೇಡ. “ನೀನು ಅಲ್ಲಿ ಲೋಟಗಟ್ಟಲೆ ಕುಡೀತಿದ್ದೆ, ನಾನ್ ಕೊಟ್ರೆ ವಿಷನಾ?” ಎಂದು ಕೂಗಾಡಿದೆ.

ಅಪ್ಪ ನನ್ನ ಕಡೆ ತಿರುಗಿ ಹೇಳಿದ: “ನೀನ್ ಕೊಡಾದು ನಾನ್ ಸಾಯಬಾರ್ದು ಅಂತ ಕಣವ್ವ. ಆ ಲೋಟ ನೋಡಿದ್ರೇನೇ ಸಾಯೋನು ನಾನು ಅಂತ ನೆಪ್ಪಾಗ್ತೈತೆ. ಅಲ್ಲಿ ಕುಡಿಯುವಾಗ ನಾನು ಪೈಲ್ವಾನ ಆಗಿದ್ದೆ.”

ಅಡಿಗೆಮನೆಗೆ ಹೋಗಿ ಲೋಟದಲ್ಲಿದ್ದದ್ದನ್ನು ಬಚ್ಚಲಿಗೆ ಚೆಲ್ಲಿದೆ. ಅಲ್ಲಿ ನಿಂತೇ, ಜಗತ್ತಿನಲ್ಲಿ ಯಾರಿಗೆ ಮಾಡಬಾರದೆಂದುಕೊಂಡಿದ್ದೆನೋ ಅವರಿಗೇ ಫೋನ್ ಮಾಡಿದೆ.

“ಭಾವ, ನಿಮ್ಮ ಹತ್ರ ಆ ಅಲುಗಾಡಿಸೋ ಲೋಟ ಐತಲ್ಲ, ತಗೊಂಡು ಬರ್ರಿ,” ಎಂದೆ.

ಅವರು ಆಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಆಡಿಕೊಳ್ಳಲಿಲ್ಲ. ಮಧ್ಯಾಹ್ನಕ್ಕೆ ಬಂದರು. ಹಿತ್ತಲ ಬಾಗಿಲಿಂದ ಶೇಕರ್ ಕೊಟ್ಟರು. ನಾನು ಅವರ ಮುಖ ನೋಡದೆ ತೆಗೆದುಕೊಂಡೆ. ಮೆಡಿಕಲ್ ಸ್ಟೋರಿನ ಪುಡಿಯನ್ನು ಅಳತೆ ಪ್ರಕಾರ ಹಾಕಿ, ನೀರನ್ನೂ ಅಳತೆಯಲ್ಲೇ ಹಾಕಿ, ಮುಚ್ಚಳ ತಿರುಗಿಸಿ ಅವರ ಕೈಗೆ ಕೊಟ್ಟೆ. “ನಾನ್ ಮನೇಲಿಲ್ಲ ಅಂತ ಹೇಳ್ರಿ,” ಎಂದೆ. ಅಷ್ಟೇ ನಮ್ಮ ಮಾತು. ಅವರ ಮೇಲಿನ ನನ್ನ ಸಿಟ್ಟು ಗುಲಗಂಜಿಯಷ್ಟೂ ಇಳಿದಿರಲಿಲ್ಲ.

ಭಾವ ಒಳಗೆ ಹೋಗಿ ಶೇಕರನ್ನು ಜೋರಾಗಿ ಅಲುಗಾಡಿಸಿದರು. “ಏಳ್ರಿ ಪೈಲ್ವಾನ್ರೇ. ಅಂಗಡಿಯಿಂದ ಹೊಸಾ ಮಾಲು ತಂದೀನಿ. ಟೀಚರಮ್ಮ ಸ್ಕೂಲಿಗೆ ಹೋಗೈತೆ.”

ಮಂಚ ಕಿರುಗುಟ್ಟಿತು. ಅಪ್ಪ ತಾನಾಗಿ ಎದ್ದು ಕೂತ ಸದ್ದು. ಆಮೇಲೆ ಗುಟುಕು ಗುಟುಕಾಗಿ ಕುಡಿಯುವ ಸದ್ದು, ಕೊನೆಯವರೆಗೂ. ಖಾಲಿ ಲೋಟ ಕೆಳಗಿಟ್ಟು ಅಪ್ಪ ದನಿ ತಗ್ಗಿಸಿ ಹೇಳಿದ:

“ನನ್ನ ಮಗಳಿಗೆ ಮಾತ್ರ ಗೊತ್ತಾಗ್ಬಾರ್ದು ನೋಡ್ರಿ. ನನ್ನ ಬದುಕಿಸಾಕೆ ಒದ್ದಾಡ್ತೈತೆ ಅದು. ತಿಳಿದ್ರೆ ಬಾಳ ನೊಂದ್ಕೊಂತೈತೆ.”

“ಇಲ್ರೀ ಮಾವ, ಹೇಳಲ್ಲ,” ಎಂದರು ಭಾವ.

ನಾನು ಅಡಿಗೆಮನೆಯಲ್ಲಿ, ಪುಡಿಯ ಡಬ್ಬಿಗೆ ಮುಚ್ಚಳ ಹಾಕಿದರೆ ಸದ್ದಾದೀತೆಂದು ಹಾಗೆಯೇ ಹಿಡಿದುಕೊಂಡು ನಿಂತಿದ್ದೆ.