ಹೋಮ್ ಸ್ವೀಟ್ ಹೋಮ್ ಮತ್ತು ಎದುರುಮನೆ ಅತ್ತೆ

ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಹಿಡಿದ ಬಟ್ಟೆಯೊಂದು ಸಿಕ್ಕಿತು. ಕೆಂಪು ದಾರದ ಕಸೂತಿ ಅಕ್ಷರಗಳು ಇನ್ನೂ ಗಟ್ಟಿಯಾಗಿವೆ. ಹೊಲಿದ ಕೈ ಇಲ್ಲ...

ಜಮಖಂಡಿಯಲ್ಲಿ ಆಗಿನ್ನೂ ಸಂಸ್ಥಾನದ ಆಳ್ವಿಕೆ. ಎದುರುಮನೆಯ ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ನಮ್ಮ ಬಳಗವೇನಲ್ಲ, ಆದರೂ ಓಣಿಗೆಲ್ಲ ಅತ್ತೆ. ಅಣ್ಣ ದರಬಾರಿನ ಕಚೇರಿಯಲ್ಲಿದ್ದ. ಬೆಳಗಾವಿಯ ಸಾಹೇಬರೊಬ್ಬರ ಬಂಗಲೆಯಲ್ಲಿ ‘ಹೋಮ್ ಸ್ವೀಟ್ ಹೋಮ್’ ಎಂಬ ಕಸೂತಿ ನೋಡಿ ಬಂದಿದ್ದ. ಹಳೆಯದರ ಜಾಗದಲ್ಲೇ ತಾನು ಕಟ್ಟಿಸಿದ ಹೊಸ ಮನೆಯ ಬಾಗಿಲಿಗೂ ಅಂಥದ್ದು ಬೇಕು, ಆದರೆ ಕನ್ನಡದಲ್ಲಿ ಎಂದು ತಂಗಿಗೆ ಹೇಳಿದ. ಓಣಿಯ ಹುಡುಗಿಯರಲ್ಲಿ ನಾಲ್ಕಕ್ಷರ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಅನುವಾದ ನನ್ನ ತಲೆಗೆ ಬಂತು.

"ಮನಿ, ಸಿಹಿ ಮನಿ" ಅಂದೆ.

"ಮನಿ ಏನ ಹೋಳಗಿ ಏನವಾ, ಸಿಹಿ ಇರಾಕ?" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರಾಠಿಯಲ್ಲಿ ‘ಗೋಡ ಘರ’ ಅಂದು ನೋಡಿದೆವು. ಅದೂ ಬೆಲ್ಲದಂಗಡಿಯ ಹೆಸರಿನಂತೆ ಕೇಳಿತು. ಆಮೇಲೆ ಮೆಲ್ಲಗೆ ಕೇಳಿದಳು: "ಅದು ಯಾವ ಮನಿ? ತವರಮನ್ಯೋ, ಗಂಡನ ಮನ್ಯೋ?" ಬರೀ ಮನೆ ಅಂದೆ. ಅತ್ತೆ ಸೂಜಿ ಕೆಳಗಿಟ್ಟಳು...

ವಾಸ್ತುಶಾಂತಿಯ ಹಿಂದಿನ ದಿನ ಅತ್ತೆ ಕಸೂತಿಯನ್ನು ಹರವಿ ತೋರಿಸಿದಳು. ‘ಈಗ ಬಂದಿ?’ ಎಂದು ಹೊಲಿದಿದ್ದಳು. ಈಗ ಬಂದೆಯಾ ಅಂತ ಹೊರಗಿನಿಂದ ಬಂದ ಮನೆಯವರನ್ನು ನಮ್ಮ ಕಡೆ ಎಲ್ಲರೂ ಕೇಳುವ ಮಾತು. ಉತ್ತರಕ್ಕೆ ಯಾರೂ ಕಾಯುವುದಿಲ್ಲ.

ಅಣ್ಣ ಕೆಂಡವಾದ. "ನಾಳೆ ದೊಡ್ಡ ಮಂದಿ ಬರ್ತಾರ. ಇದನ್ನ ನೋಡಿ ನಗೂದಿಲ್ಲೇನ?"

"ಇದು ಬಂದವರಿಗಲ್ಲಣ್ಣಾ, ಮನಿಯವರಿಗೆ. ಅವರು ತೀರಿದ ಮ್ಯಾಲ ನಾ ಗಂಟ ಹಿಡಕೊಂಡ ಬಂದಾಗ ಬಾಗಲದಾಗ ಎಲ್ಲಾರೂ ಅತ್ರಿ. ಹಿಂಗ ಯಾರೂ ಕೇಳಲಿಲ್ಲ. ನನಗೂ ಒಂದ ಮನಿ ಐತೋ ಇಲ್ಲೋ, ಇವತ್ತಿಗೂ ತಿಳದಿಲ್ಲ."

ಅಣ್ಣ ತಾನೇ ಮೊಳೆ ಹೊಡೆದು ಬಟ್ಟೆಯನ್ನು ತಲಬಾಗಿಲಿಗೇ ಕಟ್ಟಿದ. ಅಂದಿನಿಂದ ಅತ್ತೆ ನೀರು ತಂದರೂ, ಗುಡಿಗೆ ಹೋಗಿ ಬಂದರೂ ಅಣ್ಣ ಕಟ್ಟೆಯ ಮೇಲೆ ಕೂತು "ಈಗ ಬಂದಿ?" ಎಂದು ಕೂಗುತ್ತಿದ್ದ. "ಬಂದೆಪಾ ಬಂದೆ, ಕಣ್ಣ ಕಾಣೂದಿಲ್ಲೇನ?" ಎಂದು ಅತ್ತೆ ಸಿಟ್ಟು ತೋರಿಸುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು!

ಮುಂದೆ ನಾನು ಮುಧೋಳಕ್ಕೆ ಸೊಸೆಯಾಗಿ ಹೋದೆ. ತವರಿಗೆ ಬಂದಾಗಲೆಲ್ಲ ಆ ಮಾತು ಮೊದಲು ಕೇಳುತ್ತಿದ್ದದ್ದು ಎದುರುಮನೆಯಿಂದ, ಅತ್ತೆಯ ಬಾಯಲ್ಲಿ. ಅತ್ತೆ ತೀರಿದ ಸುದ್ದಿ ಕೇಳಿ ಓಡಿಹೋದಾಗ ಬಾಗಿಲಲ್ಲಿ ಎಲ್ಲರೂ ಅಳುತ್ತಿದ್ದರು. ಅಣ್ಣ ಬಾಗಿಲ ಕಸೂತಿಯನ್ನು ಬಿಚ್ಚಿ ನನ್ನ ಕೈಗಿಟ್ಟ. "ಇನ್ನ ಯಾರನ್ನ ಕೇಳಲಿ, ಯವ್ವಾ?" ಅಂದ.

ಇವತ್ತು ಅದನ್ನು ಕೊಡವಿ ನಮ್ಮ ಬಾಗಿಲಿಗೆ ಕಟ್ಟಿದೆ. ಸಂಜೆ ಕಾಯಿಪಲ್ಯೆ ತಂದು ಒಳಗೆ ಕಾಲಿಡುವಾಗ ಅಕ್ಷರ ಕಣ್ಣಿಗೆ ಬಿತ್ತು. ಅವಳಿಲ್ಲ ಎಂದು ಗೊತ್ತಿದ್ದೂ ಬಾಯಿಗೆ ಬಂದೇಬಿಟ್ಟಿತು:

"ಬಂದೆ, ಅತ್ತಿ..."