ಬದುಕಿದ್ದವನಿಗೆ ಇಟ್ಟ ಎಡೆ

ನಾನು ಕುಡುಕನಲ್ಲ. ಆದರೂ ಅಂಡಮಾನಿನ ನಾಲ್ಕು ದ್ವೀಪಗಳಲ್ಲಿ ಕಡಲತೀರದ ಬಾರುಗಳನ್ನು ಒಂದೊಂದಾಗಿ ಹೊಕ್ಕು ಬಂದಿದ್ದೇನೆ, ಅದೂ ಅತ್ತಿಗೆಯನ್ನು ಕರೆದುಕೊಂಡು. ಊರವರು ಆಡಿಕೊಂಡರೆ ಆಡಿಕೊಳ್ಳಲಿ. ನಾವು ಹೋದದ್ದು ಅಣ್ಣನನ್ನು ಹುಡುಕಲು.

ಅಣ್ಣ ಆ ಬಾರುಗಳಲ್ಲಿ ಮೀನು ಹುರಿಯುವ ಕೆಲಸಕ್ಕೆ ಹೋದವನು. ಮೂರು ವರ್ಷ ಫೋನು ಬರುತ್ತಿತ್ತು, ಆಮೇಲೆ ನಿಂತೇಹೋಯಿತು. ಅದೇ ಹೊತ್ತಿಗೆ ದಂಡಿಗನಹಳ್ಳಿಯ ನಮ್ಮ ಮನೆಯಲ್ಲಿ ಒಂದರ ಹಿಂದೊಂದು ಕೇಡು. ಎರಡು ಹಸು ಸತ್ತವು, ನನ್ನ ಮಗಳಿಗೆ ಹಿಡಿದ ಜ್ವರ ಬಿಡಲಿಲ್ಲ. ಅರಕಲಗೂಡಿನ ಕಡೆ ಶಾಸ್ತ್ರ ಹೇಳುವವನೊಬ್ಬ, "ನಿಮ್ಮನೆ ಮಗ ಸತ್ತು ಹಸ್ಕೊಂಡವ್ನೆ, ಎಡೆ ಇಕ್ಕಿ," ಅಂದ. ನನಗೆ ತಲೆ ಕೆಟ್ಟಿತ್ತು, ನಂಬಿದೆ.

ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರ ಎಲೆಗಳ ಪಕ್ಕ ಅಣ್ಣನಿಗೂ ಒಂದು ಎಲೆ ಹಾಕಿದೆ. ಮುದ್ದೆ, ಬಾಡಿನ ಸಾರು, ಬ್ರಾಂದಿ, ಬೀಡಿ. ಅವ್ವ ಅಡ್ಡ ಬಂದಳು. "ನನ್ ಮಗ ಅವ್ನೆ ಕಣ್ಲಾ, ಬ್ಯಾಡ ಕಣ್ಲಾ," ಅಂತ ಎಲೆ ಹಿಡಿದು ಎಳೆದಳು. ಅವಳ ಕೈ ಬಿಡಿಸಿ ನಾನೇ ಬಡಿಸಿದೆ.

ತವರಿಗೆ ಹೋಗಿದ್ದ ಅತ್ತಿಗೆ ವಿಷಯ ತಿಳಿದು ಉರಿದುಬಿದ್ದರು. "ನನ್ ಕೊಳ್ಳಲ್ಲಿ ತಾಳಿ ಇರೋವಾಗ್ಲೇ ಎಡೆ ಇಕ್ಬುಟ್ರಾ? ನಡಿಯಪ್ಪ, ಓಗಿ ನೋಡ್ಕಂಡೇ ಬರಾನ." ಇಟ್ಟವರು ಯಾರು ಅಂತ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಮೊದಲ ದ್ವೀಪದ ಬಾರು ಅಂದರೆ ತಗಡಿನ ಸೂರು, ಮರಳಲ್ಲಿ ನಾಲ್ಕು ಬೆಂಚು. ಮಟಮಟ ಮಧ್ಯಾಹ್ನ, ಗಿರಾಕಿ ಒಬ್ಬರೂ ಇಲ್ಲ. ಗಲ್ಲಾದಲ್ಲಿದ್ದವನು ನನ್ನನ್ನು ನೋಡಿ ಹಿಂದಿಯಲ್ಲಿ, "ಬಂದೆಯಾ? ಒಲೆ ಹಚ್ಚು," ಎಂದ. ನನಗೂ ಅಣ್ಣನಿಗೂ ಒಂದೇ ಅಚ್ಚಿನ ಮುಖ. ಅಣ್ಣ ಬದುಕಿದ್ದಾನೆ ಅಂತ ಅತ್ತಿಗೆ ಅಲ್ಲೇ ಮರಳಲ್ಲಿ ಕೂತು ಅತ್ತರು. ಬದುಕಿದ್ದವನಿಗೇ ಎಡೆ ಇಟ್ಟೆನಲ್ಲ ಅಂತ ನನಗೆ ಖುಷಿಗಿಂತ ಮೊದಲು ಹೆದರಿಕೆಯಾಯಿತು. ಗಲ್ಲಾದವನು ಪಕ್ಕದ ದ್ವೀಪದಲ್ಲಿ ವಿಚಾರಿಸಿ ಎಂದ.

ಅಲ್ಲಿ ಏನೂ ಕೇಳದೆ ನನ್ನ ಮುಂದೆ ಒಂದು ತಟ್ಟೆ ಇಟ್ಟರು. ಅದರ ತುಂಬ ಬರೀ ಉಪ್ಪು. "ನಿನಗೆ ಇದೇ ತಾನೆ ಬೇಕು?" ಎಂದರು.

ಮೂರನೆಯ ಬಾರಿನ ಯಜಮಾನಿ ಹತ್ತಿರವೇ ಬರಲಿಲ್ಲ. ದೂರ ನಿಂತು ನನ್ನ ಪಾದಗಳ ಹತ್ತಿರ ಬಗ್ಗಿ ಬಗ್ಗಿ ನೋಡಿದಳು. "ಸತ್ತೋದೆ ಅಂತ ನೀನೇ ಹೇಳಿದ್ದೆಯಲ್ಲ. ಮತ್ತೆ ನೆರಳು ಹೇಗೆ ಬೀಳುತ್ತಿದೆ?" ಅಯ್ಯಪ್ಪಾ, ನಾನೂ ಬಗ್ಗಿ ನನ್ನ ನೆರಳು ನೋಡಿಕೊಂಡೆ.

ನಾಲ್ಕನೆಯ ದ್ವೀಪದಲ್ಲಿ ಅಣ್ಣ ಸಿಕ್ಕಿದ. ಬಾರಿನ ಹಿಂದೆ ಮೀನು ಹುರಿಯುತ್ತ ನಿಂತಿದ್ದ, ಕಡ್ಡಿಯಾಗಿದ್ದ. ನಮ್ಮನ್ನು ನೋಡಿ ಬೆಚ್ಚಲಿಲ್ಲ.

"ಫೋನು ಸಮುದ್ರಕ್ಕೆ ಬಿತ್ತು. ಇವತ್ತು ನಾಳೆ ಬರಾನ ಅಂತಿದ್ದೆ," ಎಂದ. "ಆಮ್ಯಾಕೆ ಒಂದಿನ ಅಮಾಸೆ ಮಧ್ಯಾಹ್ನ, ಏನೂ ತಿಂದಿರ್ನಿಲ್ಲ ಕಣ್ಲಾ, ಬಾಯ್ತುಂಬ ಬಾಡಿನ ಸಾರಿನ ರುಚಿ ಬಂತು. ಉಪ್ಪೇ ಇರ್ನಿಲ್ಲ ಅದಕ್ಕೆ. ಅವತ್ತಿಂದ ಏನ್ ತಿಂದ್ರೂ ಸಪ್ಪೆ. ಎಡೆ ಇಕ್ಬುಟ್ರು ಅಂತ ಗೊತ್ತಾಯ್ತು."

ಎಡೆಗೆ ಇಡುವ ಅಡುಗೆಯನ್ನು ನಾವು ಮೊದಲೇ ರುಚಿ ನೋಡುವಂತಿಲ್ಲ. ಅವತ್ತು ನನ್ನ ಹೆಂಡತಿ ಸಾರಿಗೆ ಉಪ್ಪು ಮರೆತಿದ್ದಳು. ನಾವು ಉಣ್ಣಲು ಕೂತಾಗಲೇ ನಮಗೂ ತಿಳಿದದ್ದು.

"ಯಾರ್ಲಾ ಇಕ್ಕಿದ್ದು?" ಅಣ್ಣ ಕೇಳಿದ.

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು.

"ಅವ್ವ," ಅಂದೆ.

ಅಣ್ಣ ಮೀನು ಮಗುಚಿ ಹಾಕಿದ. "ಅಂಗಾರೆ ಮುಗೀತು ಬುಡು. ಹೆತ್ತೋಳ್ಗೇ ಇಲ್ದೋನು ಇನ್ಯಾರ್ಗೆ ಇರ್ಬೇಕು?" ಅತ್ತಿಗೆ ಕೈ ಹಿಡಿದು ಗೋಗರೆದರು. ಅವನು ಜಪ್ಪಯ್ಯ ಅಂದರೂ ಬರಲಿಲ್ಲ. ಕೊನೆಗೆ ಅತ್ತಿಗೆಯೂ ಅಲ್ಲೇ ಉಳಿದರು. ನಿಜ ಹೇಳಲು ದೋಣಿ ಹೊರಡುವವರೆಗೆ ಹೊತ್ತಿತ್ತು. ಹೇಡಿ ನಾನು, ಹೇಳಲಿಲ್ಲ.

ಅಣ್ಣ ಬದುಕಿದ್ದಾನೆ ಎಂದು ತಿಳಿದಾಗ ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಈಗ ದಿನಾ ನನ್ನ ಪಕ್ಕ ಬಂದು ಕೂರುತ್ತಾಳೆ.

"ಯಾಕ್ಲಾ ಬರ್ನಿಲ್ಲ ಅವ್ನು? ನನ್ ಮ್ಯಾಲೇನಾರ ಕ್ವಾಪ್ವಾ?"